ಬಡಿಸುವವರಲ್ಲಿ ಅವರೂ ಇರಲಿ



ಮುಧೋಳ ತಾಲೂಕಿನ ಹಲಗಲಿ ನಿಮಗೆ ಗೊತ್ತು. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆವೆಂದ ಅಲ್ಲಿನ ಬೇಡರಲ್ಲಿ 19 ಮಂದಿಯನ್ನು ಬ್ರಿಟಿಷರು ಗಲ್ಲಿಗೇರಿಸಿದರು. ಲಾವಣಿಗಳು ಅವರನ್ನು ಕೊಂಡಾಡಿದವು. ಆದರೆ ಬೇಡ, ವಾಲ್ಮೀಕಿ ಎಂಬ ಹೆಸರುಗಳು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 1991ರಲ್ಲಿ. ಹಾಡಿ ಹೊಗಳುವುದು ಬೇರೆ, ಹಕ್ಕು ಕೊಡುವುದು ಬೇರೆ.

ಇಂದು ವಿಧಾನಸಭೆಯ 224 ಸ್ಥಾನಗಳಲ್ಲಿ 15 ಈ ಪಂಗಡಗಳಿಗೆ ಮೀಸಲು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೇರಿರುವ ತೇರದಾಳ, ಇವು ಆ ಹದಿನೈದರಲ್ಲಿಲ್ಲ. ಇಲ್ಲಿ ಅವರಿಗೆ ಮೀಸಲು ಸ್ಥಾನವಿರುವುದು ಸಂವಿಧಾನದ 243-ಡಿ ವಿಧಿಯಂತೆ ಪಂಚಾಯತಿಗಳಲ್ಲಿ.

“ಸಹಾಯ ಮಾಡಿದರೆ ಸಾಲದೇ, ಸ್ಥಾನವೇಕೆ?” ಎಂದು ಕೆಲವರು ಕೇಳುತ್ತಾರೆ. ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯ ಓದಿರಿ. ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತಿನ ವಿಧವೆಯರನ್ನು ಕಡೆಗಣಿಸಲಾಗಿತ್ತು. ಪ್ರೇಷಿತರು ದೂರಿದವರನ್ನು ಗದರಿಸಲಿಲ್ಲ. ಇನ್ನೊಂದು ತುತ್ತು ಹಾಕಿ ಸುಮ್ಮನಾಗಲೂ ಇಲ್ಲ. ಏಳು ಮಂದಿಯನ್ನು ಆರಿಸಲು ಹೇಳಿದರು. ಸ್ತೇಫನ, ಫಿಲಿಪ್ಪ ಮೊದಲಾದ ಆ ಏಳೂ ಗ್ರೀಕ್ ಹೆಸರುಗಳೇ. ಬಡಿಸುವ ಸೌಟು ನೊಂದವರ ಕಡೆಯವರ ಕೈಗೇ ಬಂತು.

ಮೀಸಲು ಸ್ಥಾನ ಭಿಕ್ಷೆಯಲ್ಲ, ನ್ಯಾಯ. ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿರಿ. ಪಂಗಡದ ಸದಸ್ಯರ ಬದಲು ಬೇರೊಬ್ಬರು ಉತ್ತರಿಸತೊಡಗಿದರೆ, “ಅವರೇ ಹೇಳಲಿ” ಎನ್ನುವ ಧೈರ್ಯಕ್ಕಾಗಿ ಇಂದಿನ ಕುಟುಂಬ ಪ್ರಾರ್ಥನೆಯಲ್ಲಿ ಬೇಡಿಕೊಳ್ಳೋಣ.