ಅವಸರದ ಸಂದೇಶಕ್ಕೆ ಅವಸರದ ಉತ್ತರ ಬೇಡ

ಸಂಜೆಯ ಕಾಫಿ ಮುಗಿಸಿ ಜಗಲಿಯಲ್ಲಿ ವಿಶ್ರಮಿಸುತ್ತಿರುವ ಗೃಹಸ್ಥನೊಬ್ಬನ ಮೊಬೈಲಿಗೆ, ‘ನಿಮ್ಮ ಕೆವೈಸಿ ಅವಧಿ ಮುಗಿದಿದೆ, ಇಂದು ರಾತ್ರಿಯೇ ಖಾತೆ ಸ್ಥಗಿತಗೊಳ್ಳುವುದು, ಕೂಡಲೆ ಈ ಲಿಂಕ್ ಒತ್ತಿರಿ’ ಎಂಬ ಸಂದೇಶವೊಂದು ಬಂದಿತೆನ್ನೋಣ. ಹಾಗೆ ಒತ್ತಿದಾಗ ತೆರೆದುಕೊಳ್ಳುವ ಪುಟದಲ್ಲಿ ಬ್ಯಾಂಕಿನ ಲಾಂಛನವೂ ವರ್ಣವೂ ಯಥಾವತ್ತಾಗಿಯೇ ಇರುವುವಾದರೂ, ಅಲ್ಲಿ ತುಂಬಿದ ಪಾಸ್‌ವರ್ಡೂ ತರುವಾಯ ಬರುವ ಓಟಿಪಿಯೂ ವಂಚಕನ ಕೈಸೇರಿ, ಆತನು ಅದೇ ಕ್ಷಣದಲ್ಲಿ ನಿಜವಾದ ಬ್ಯಾಂಕಿನ ತಾಣವನ್ನು ಪ್ರವೇಶಿಸಿ ಹಣವನ್ನು ಸಾಗಿಸಿಬಿಡುತ್ತಾನೆ. ಬೀಗ ಮುರಿಯುವ ಶ್ರಮವೇ ಅವನಿಗಿಲ್ಲ. ಗಾಬರಿಗೊಂಡ ನಾವೇ ಕೀಲಿಕೈಯನ್ನು ಅವನ ಅಂಗೈಯಲ್ಲಿಡುತ್ತೇವೆ.

ಆದುದರಿಂದ ಇಂತಹ ಲಿಂಕನ್ನು ಮುಟ್ಟದೆ, ಪಾಸ್‌ಬುಕ್ಕಿನಲ್ಲಿಯೋ ಎಟಿಎಂ ಕಾರ್ಡಿನ ಹಿಂಬದಿಯಲ್ಲಿಯೋ ಅಚ್ಚಾಗಿರುವ ಸಂಖ್ಯೆಗೆ ನೀವೇ ಕರೆಮಾಡಿ ವಿಚಾರಿಸತಕ್ಕದ್ದು. ಭಾರತೀಯ ರಿಸರ್ವ್ ಬ್ಯಾಂಕಿನ ಆದೇಶದಂತೆ ನಮ್ಮ ಬ್ಯಾಂಕುಗಳ ತಾಣಗಳ ಹೆಸರು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳತಕ್ಕದ್ದಾದ ಕಾರಣ, ವಿಳಾಸವನ್ನು ಪರೀಕ್ಷಿಸಿ ನೋಡುವುದೂ ಲೇಸು. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾದ ಪ್ರಮೇಯವೇ ಇಲ್ಲವೆಂಬುದೂ ನೆನಪಿರಲಿ.

ಇಷ್ಟಾಗಿಯೂ ಮೋಸಹೋದಲ್ಲಿ, ನಾಚಿಕೆಯಿಂದ ಮುಚ್ಚಿಡದೆ, ಬ್ಯಾಂಕಿಗೂ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ತತ್‌ಕ್ಷಣ ತಿಳಿಸಿರಿ. ಹಣವು ಖಾತೆಯಿಂದ ಖಾತೆಗೆ ಹರಿದುಹೋಗುವ ಮುನ್ನ ಅದನ್ನು ತಡೆಹಿಡಿಯುವ ಅವಕಾಶ ಮೊದಲ ಗಳಿಗೆಗಳಲ್ಲಿಯೇ ಹೆಚ್ಚು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ದೂರಿತ್ತ ಬಳಿಕ ನಡೆದ ಅನಧಿಕೃತ ವ್ಯವಹಾರದ ನಷ್ಟ ಬ್ಯಾಂಕಿನದು. ಅದಕ್ಕೆ ಮುನ್ನ ನಮ್ಮ ಅಜಾಗರೂಕತೆಯಿಂದ ಆದದ್ದು ನಮ್ಮದೇ.