ಔಷಧಕ್ಕೆ ಮಣಿಯದ ಕ್ಯಾನ್ಸರ್ ಮತ್ತು ವಂಶವಾಹಿಗಳ ಶೋಧನೆ

ಚಿಕಿತ್ಸೆಗೆಂದು ಊರಿನಿಂದ ಬಂದ ಬಂಧುಗಳನ್ನು ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಕರೆದೊಯ್ಯುವ ಹೊಣೆ ಮುಂಬಯಿಯ ಅನೇಕ ಕನ್ನಡ ಕುಟುಂಬಗಳಿಗೆ ಬಂದೊದಗುವುದುಂಟು. ಆಗ ಕೇಳಿಬರುವ ಸಂಕಟದ ಪ್ರಶ್ನೆಯೊಂದಿದೆ: ಮೊದಲು ಅಷ್ಟು ಗುಣ ಕೊಟ್ಟ ಔಷಧ ಈಗೇಕೆ ಕೆಲಸ ಮಾಡುತ್ತಿಲ್ಲ? "ಮೈಗೆ ಒಗ್ಗಿಹೋಗಿದೆ" ಎಂದು ಯಾರಾದರೂ ಸಮಾಧಾನ ಹೇಳುತ್ತಾರೆ. ಅನೇಕ ವೇಳೆ ಕಾರಣ ಅದಲ್ಲ. ರೋಗಿಯ ಮೈ ಹಾಗೆಯೇ ಇರುತ್ತದೆ. ಬದಲಾಗುವುದು ಕ್ಯಾನ್ಸರ್ ಕೋಶಗಳ ಸಮುದಾಯ.

ಗೆಡ್ಡೆಯೊಂದರಲ್ಲಿರುವ ಕೋಟ್ಯಂತರ ಜೀವಕೋಶಗಳು ಏಕರೂಪದವಲ್ಲ. ಔಷಧ ಆರಂಭಿಸುವ ಮುನ್ನವೇ ಕೆಲವು ಕೋಶಗಳ ವಂಶವಾಹಿಗಳಲ್ಲಿ ಆಕಸ್ಮಿಕ ಬದಲಾವಣೆ ಆಗಿರಬಹುದು. ಉಳಿದವು ಸತ್ತಾಗ, ತೆರವಾದ ಜಾಗದಲ್ಲಿ ಇವು ವೃದ್ಧಿಯಾಗುತ್ತವೆ. ಒಂದೇ ಕೀಟನಾಶಕವನ್ನು ವರ್ಷವರ್ಷವೂ ಸಿಂಪಡಿಸಿದ ರೈತನಿಗೆ ಈ ಕಥೆ ಹೊಸದಲ್ಲ. ಆದರೆ ಸುಮಾರು 20,000 ವಂಶವಾಹಿಗಳಲ್ಲಿ ಯಾವುದು ಕೆಟ್ಟುದರಿಂದ ಕೋಶ ಪಾರಾಯಿತು?

ಅಮೆರಿಕದ ಬ್ರಾಡ್ ಸಂಸ್ಥೆಯ ಫೆಂಗ್ ಜಾಂಗ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಂದು ದಾರಿ ತೋರಿತು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ (ನಮ್ಮವರಲ್ಲಿ ಇದು ವಿರಳ) ಕೋಶಗಳಲ್ಲಿ, ಕ್ರಿಸ್ಪರ್ ಎಂಬ ಸೂಕ್ಷ್ಮ ಕತ್ತರಿಯಿಂದ, ಒಂದು ಕೋಶಕ್ಕೆ ಒಂದು ವಂಶವಾಹಿಯಂತೆ ಒಟ್ಟು 18,080 ವಂಶವಾಹಿಗಳನ್ನು ಗುರಿಯಾಗಿಸಿ ಕೆಡಿಸಿದರು. ಕತ್ತರಿಗೆ ದಾರಿ ತೋರುವ ತುಣುಕಿನ ಬರಹವೇ ಆಯಾ ಕೋಶದ ಗುರುತುಚೀಟಿಯೂ ಆಗುತ್ತದೆ. ಇಡೀ ಪ್ರಯೋಗದ ಜೀವಾಳ ಈ ಯುಕ್ತಿಯೇ. ಬಳಿಕ ಕೋಶಗಳನ್ನು 14 ದಿನ ವೆಮುರಾಫೆನಿಬ್ ಔಷಧದಲ್ಲಿರಿಸಿದರು. ಬಹುಪಾಲು ಕೋಶಗಳ ಬೆಳವಣಿಗೆ ನಿಂತಿತು. ಬೆಳೆದವುಗಳ ಚೀಟಿ ಓದಿದಾಗ, ಮೊದಲೇ ತಿಳಿದಿದ್ದ ಎನ್‌ಎಫ್1, ಮೆಡ್12 ವಂಶವಾಹಿಗಳೊಡನೆ ಎನ್‌ಎಫ್2, ಸಿಯುಎಲ್3 ಎಂಬ ಹೊಸ ಹೆಸರುಗಳೂ ಹೊರಬಿದ್ದವು.

ಎನ್‌ಎಫ್1 ಕೋಶದ ಬೆಳವಣಿಗೆಗೆ ಬ್ರೇಕ್ ಇದ್ದಂತೆ. ಅದು ಕೆಟ್ಟರೆ, ಔಷಧ ಮುಚ್ಚಿದ ಹೆದ್ದಾರಿಯನ್ನು ಬಿಟ್ಟು ಬೆಳವಣಿಗೆಯ ಸಂದೇಶ ಅಡ್ಡರಸ್ತೆ ಹಿಡಿಯುತ್ತದೆ. ಎರಡೂ ರಸ್ತೆಗಳು ಮುಂದೆ ಕೂಡುವೆಡೆಯನ್ನು ತಡೆಯುವ ಇನ್ನೊಂದು ಔಷಧವನ್ನು ಈಗ ಜೊತೆಗೆ ಕೊಡುವುದುಂಟು.

ಗಾಜಿನ ತಟ್ಟೆಯ ಕೋಶಕ್ಕಾದರೋ ರಕ್ತನಾಳವಿಲ್ಲ, ನೆರೆಹೊರೆಯಿಲ್ಲ. ಅಲ್ಲಿ ದೊರೆತ ಹೆಸರನ್ನು ರೋಗಿಗಳ ಗೆಡ್ಡೆಯಲ್ಲಿ ಹುಡುಕಿ ದೃಢಪಡಿಸಬೇಕು. ಇದು ಆಸ್ಪತ್ರೆಯಲ್ಲಿ ರೋಗಿಗೆ ಮಾಡಿಸುವ ಪರೀಕ್ಷೆಯಲ್ಲ; ವೃತ್ತಪತ್ರಿಕೆಗಳು ಇವೆರಡನ್ನೂ ಕಲಸಿಬಿಡುತ್ತವೆ.

ರೋಗಿಗೆ ನೇರವಾಗಿ ಒದಗುವ ಪರೀಕ್ಷೆಗೆ ನಿದರ್ಶನ, ದೀರ್ಘಕಾಲಿಕ ಮೈಲಾಯ್ಡ್ ರಕ್ತಕ್ಯಾನ್ಸರ್. 2001ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ಇಮಾಟಿನಿಬ್ ಮಾತ್ರೆ ಈ ರೋಗಿಗಳ ಆಯುಸ್ಸನ್ನೇ ಬೆಳೆಸಿತು. ಬಿಸಿಆರ್-ಎಬಿಎಲ್ ಎಂಬ ಪ್ರೋಟೀನಿನ ಕುಳಿಯಲ್ಲಿ ಅದು ಬೀಗದೊಳಗಿನ ಕೀಲಿಯಂತೆ ಕೂರುತ್ತದೆ. ಆದರೆ 315ನೆಯ ಸ್ಥಾನದಲ್ಲಿ ಥ್ರಿಯೊನಿನ್ ಬದಲು ಐಸೊಲ್ಯೂಸಿನ್ ಬಂದರೆ ಕೀಲಿ ಹೊಗದು. ರಕ್ತದಲ್ಲಿ ಬಿಸಿಆರ್-ಎಬಿಎಲ್ ಪ್ರಮಾಣ ಮತ್ತೆ ಏರಿದಾಗ, ಮಾತ್ರೆ ತಪ್ಪಿತೇ ಎಂದು ವೈದ್ಯರು ಮೊದಲು ಕೇಳುತ್ತಾರೆ. ಊರಿಗೆ ಹೋದಾಗ ಮಾತ್ರೆ ತೀರಿ ಹತ್ತು ದಿನ ಬಿಟ್ಟಿದ್ದರೆ ಅದನ್ನು ಮುಚ್ಚಿಡಬಾರದು. ತಪ್ಪಿಲ್ಲವೆಂದಾದರೆ ವಂಶವಾಹಿಯ ಬದಲಾವಣೆ ತಿಳಿಸುವ ರಕ್ತಪರೀಕ್ಷೆ ಮಾಡಿಸುವುದೇ ಎಂದು ಬಂಧುಗಳು ಧೈರ್ಯವಾಗಿ ಕೇಳಬಹುದು. 315ರ ಬದಲಾವಣೆ ಕಂಡರೆ ಡಸಾಟಿನಿಬ್, ನಿಲೋಟಿನಿಬ್‌ಗಳೂ ವ್ಯರ್ಥ. ಪೊನಾಟಿನಿಬ್ ಅಥವಾ ಅಸಿಮಿನಿಬ್‌ನಂಥ ಔಷಧ ಬೇಕಾಗುತ್ತದೆ. ಬೇರೆ ಹಲವು ಬದಲಾವಣೆಗಳಿಗೆ ಮೊದಲಿನ ಆ ಎರಡರಲ್ಲೊಂದು ಸಾಕಾಗುವುದುಂಟು.