ರೋಗಶಯ್ಯೆಯಲ್ಲಿ ಸೂಜಿಯೂ ಕುಂಚವೂ



ಕಠಿಣವಾದ ರೋಗದಿಂದ ಬದುಕಿ ಉಳಿದವನು ಒಡನೆಯೇ ಸ್ವಸ್ಥನಾಗುವದಿಲ್ಲ. ಜ್ವರವು ಇಳಿದಿರುವದು, ಗಾಯವು ಮಾಯ್ದಿರುವದು, ಇನ್ನು ಭಯವಿಲ್ಲವೆಂದು ವೈದ್ಯರು ಹೇಳಿರುವರು. ಆದರೂ ಎದ್ದು ಹೊಲಕ್ಕೆ ಹೋಗಲು ಕಾಲುಗಳಲ್ಲಿ ಬಲವಿರದು. ಮನೆಯವರೆಲ್ಲರು ಕೆಲಸಕ್ಕೆ ಹೋದ ಮೇಲೆ ಅವನು ಸೂರಿನ ತೊಲೆಗಳನ್ನು ಎಣಿಸುತ್ತಾ ಮಲಗಿರುವನು. ಗಂಜಿಯನ್ನು ಒಬ್ಬರು ಕುಡಿಸಬೇಕು, ನೀರನ್ನು ಮತ್ತೊಬ್ಬರು ಕೊಡಬೇಕು. “ನಾನು ಎಲ್ಲರಿಗೂ ಹೊರೆಯಾದೆನು” ಎಂಬ ಯೋಚನೆಯು ಆ ಹೊತ್ತಿನಲ್ಲಿಯೇ ಬರುವದು. ರೋಗಿಗಳನ್ನು ನೋಡಲು ಹೋಗುವ ನಾವು ಈ ಮಾತನ್ನು ಎಷ್ಟೋ ಸಾರಿ ಕೇಳಿದ್ದೇವೆ. ಇದಕ್ಕೆ ಔಷಧದ ಸೀಸೆಯಲ್ಲಿ ಪರಿಹಾರವಿಲ್ಲ. ಹಾಗಾದರೆ ಅದು ಎಲ್ಲಿ ದೊರಕುವದು? ಮೂರು ದೃಷ್ಟಾಂತಗಳಿಂದ ಕಲಿತುಕೊಳ್ಳೋಣ.

1. ಸೂಜಿ ಹಿಡಿದ ಸೈನಿಕರು

1914ರಿಂದ 1918ರ ವರೆಗೆ ನಡೆದ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರು ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರು. ಕೆಲವರು ದೇಹದಲ್ಲಿಯೂ ಕೆಲವರು ಮನಸ್ಸಿನಲ್ಲಿಯೂ ಪೆಟ್ಟು ತಿಂದವರು. ಅಂಥವರ ಕೈಗೆ ಸೂಜಿಯನ್ನೂ ಬಣ್ಣದ ನೂಲನ್ನೂ ಕೊಟ್ಟು ಕಸೂತಿಯನ್ನು ಕಲಿಸಲಾಯಿತು. ಬ್ರಿಟನ್, ಕೆನಡ, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ ಎಂಬ ದೇಶಗಳ 138 ಮಂದಿ ಸೈನಿಕರು ಲಂಡನ್ ಪಟ್ಟಣದ ಸಂತ ಪೌಲನ ಮಹಾದೇವಾಲಯದ ವೇದಿಗೆ ಮುಂಭಾಗದ ವಸ್ತ್ರವೊಂದನ್ನು ಹೊಲಿದರು. ಅದನ್ನು 1919ರಲ್ಲಿ ನಡೆದ ಸ್ತೋತ್ರಾರಾಧನೆಯಲ್ಲಿ ಉಪಯೋಗಿಸಿದರು. 1940ರಲ್ಲಿ ಆ ವೇದಿಯು ಬಾಂಬಿನಿಂದ ನಾಶವಾಯಿತು, ವಸ್ತ್ರವಾದರೋ ಉಳಿಯಿತು. 2014ರಲ್ಲಿ ಅದನ್ನು ಸರಿಪಡಿಸಿ ಜನರು ನೋಡುವಂತೆ ಇಟ್ಟರು.

ಹೊಲಿಗೆಯು ಹೆಂಗಸರ ಕೆಲಸ, ಗಂಡಸಿಗೆ ತಕ್ಕದ್ದಲ್ಲವೆಂದು ನಮ್ಮಲ್ಲಿ ಅನ್ನುವವರುಂಟು. ಬಂದೂಕು ಹಿಡಿದಿದ್ದ ಈ ಕೈಗಳನ್ನು ಅವರು ಜ್ಞಾಪಕಮಾಡಿಕೊಳ್ಳಲಿ. ಇನ್ನೊಂದು ಸಂಗತಿಯನ್ನೂ ಗಮನಿಸಿರಿ: ಒಬ್ಬನೇ ಅದೆಲ್ಲವನ್ನೂ ಹೊಲಿಯಲಿಲ್ಲ. ತನ್ನ ಪಾಲಿನ ಕೆಲಸವು ಎಷ್ಟು ಸಣ್ಣದಾಗಿದ್ದರೂ ಅದು ದೊಡ್ಡದೊಂದರ ಭಾಗವೆಂದು ಪ್ರತಿಯೊಬ್ಬನೂ ಬಲ್ಲನು.

2. ಹಾಸಿಗೆಯಿಂದ ಕಂಡದ್ದನ್ನು ಬರೆದವನು

ಏಡ್ರಿಯನ್ ಹಿಲ್ ಎಂಬ ಆಂಗ್ಲ ಚಿತ್ರಗಾರನು 1938ರಲ್ಲಿ ಕ್ಷಯರೋಗಕ್ಕೆ ಗುರಿಯಾಗಿ ಮಿಡ್‌ಹರ್ಸ್ಟ್ ಎಂಬಲ್ಲಿನ ಕ್ಷಯರೋಗಿಗಳ ಆಸ್ಪತ್ರೆಯನ್ನು ಸೇರಿದನು. ಆ ಕಾಲದಲ್ಲಿ ಕ್ಷಯಕ್ಕೆ ಗುಣಕೊಡುವ ಔಷಧವಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿಯಲ್ಪಟ್ಟದ್ದು 1943ರಲ್ಲಿ. ಬಹುಕಾಲ ವಿಶ್ರಮಿಸುವದೇ ಮುಖ್ಯ ಚಿಕಿತ್ಸೆಯಾಗಿತ್ತು. ಹಿಲ್ ತನ್ನ ಹಾಸಿಗೆಯ ಬಳಿಯಲ್ಲಿ ಕಂಡ ವಸ್ತುಗಳನ್ನು ಚಿತ್ರಿಸತೊಡಗಿದನು. ಇದರಿಂದ ತನಗೆ ಉಂಟಾದ ನೆಮ್ಮದಿಯನ್ನು ಕಂಡು, ಅಲ್ಲಿದ್ದ ಇತರ ರೋಗಿಗಳಿಗೂ ಯುದ್ಧದಿಂದ ಬಂದ ಸೈನಿಕರಿಗೂ ಚಿತ್ರ ಬರೆಯುವದನ್ನು ಕಲಿಸಿದನು. ಬಾಯಿಂದ ಹೇಳಲಾರದ ಭಯವನ್ನು ಕೆಲವರು ಕಾಗದದ ಮೇಲೆ ಹೇಳಿದರು. 1945ರಲ್ಲಿ ಅವನು ಈ ವಿಷಯವಾಗಿ ಒಂದು ಪುಸ್ತಕವನ್ನೂ ಪ್ರಕಟಿಸಿದನು. ಇಂದು “ಕಲಾ ಚಿಕಿತ್ಸೆ” ಎಂದು ಕರೆಯುವ ಇಂಗ್ಲಿಷ್ ಹೆಸರನ್ನು ಬಳಕೆಗೆ ತಂದವನು ಅವನೇ.

3. ಕುಂಚವನ್ನು ಬಿಟ್ಟು ಕತ್ತರಿಯನ್ನು ಹಿಡಿದವನು

ಫ್ರಾನ್ಸ್ ದೇಶದ ಹೆಸರಾಂತ ಚಿತ್ರಗಾರ ಆಂರಿ ಮಾತೀಸ್ ಮೊದಲು ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿದ್ದನು. ಸುಮಾರು 20 ವರುಷದವನಾಗಿದ್ದಾಗ ಕರುಳಿನ ರೋಗದಿಂದ ಬಹಳ ದಿನ ಮಲಗಬೇಕಾಗಿ ಬಂತು. ಹೊತ್ತು ಕಳೆಯಲೆಂದು ತಾಯಿಯು ಒಂದು ಬಣ್ಣದ ಪೆಟ್ಟಿಗೆಯನ್ನು ತಂದುಕೊಟ್ಟಳು. ಅವನ ಜೀವಮಾನದ ಕೆಲಸವು ಅಲ್ಲಿಂದಲೇ ಹೊರಟಿತು.

1941ರಲ್ಲಿ, 71 ವರುಷದವನಾಗಿದ್ದಾಗ, ಅವನಿಗೆ ಕ್ಯಾನ್ಸರ್ ರೋಗಕ್ಕಾಗಿ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಪ್ರಾಣವು ಉಳಿಯಿತು, ಹಿಂದಿನ ಬಲವು ಬರಲಿಲ್ಲ. ಮೊದಲಿನಂತೆ ನಿಂತು ಚಿತ್ರ ಬರೆಯುವದು ಕಷ್ಟವಾಯಿತು. ಆಗ ಸಹಾಯಕರು ಬಣ್ಣ ಬಳಿದ ಕಾಗದಗಳನ್ನು, ಹಾಸಿಗೆಯಲ್ಲಿಯೂ ಗಾಲಿಕುರ್ಚಿಯಲ್ಲಿಯೂ ಕುಳಿತು ಕತ್ತರಿಯಿಂದ ಕತ್ತರಿಸಿ, ಎಲೆ, ಹೂವು, ಹಕ್ಕಿಗಳ ಆಕಾರಗಳನ್ನು ಜೋಡಿಸಿದನು. ವಾಂಸ್ ಎಂಬ ಊರಿನ ಪ್ರಾರ್ಥನಾಲಯದ ಬಣ್ಣದ ಗಾಜಿನ ಕಿಟಕಿಗಳನ್ನೂ ಅಲ್ಲಿನ ಪಾದ್ರಿಗಳ ನಿಲುವಂಗಿಗಳನ್ನೂ ಹೀಗೆಯೇ ರೂಪಿಸಿದನು. ಆ ಆಲಯವು 1951ರಲ್ಲಿ ಪ್ರತಿಷ್ಠೆಯಾಯಿತು. ಹಿಂದೆ ಅವನ ಶುಶ್ರೂಷೆ ಮಾಡಿ ಆಮೇಲೆ ಸನ್ಯಾಸಿನಿಯಾದ ಒಬ್ಬ ದಾದಿಯ ಮೂಲಕ ಈ ಕೆಲಸವು ಮೊದಲಾಯಿತು. ಶುಶ್ರೂಷೆಯನ್ನು ಪಡೆದವನು ಈಗ ಕೊಡುವವನಾದನು.

ಇವುಗಳಿಂದ ನಾವು ಕಲಿಯತಕ್ಕದ್ದು

ಸೂಜಿಯಾಗಲಿ ಕುಂಚವಾಗಲಿ ಕ್ಷಯವನ್ನೂ ಕ್ಯಾನ್ಸರನ್ನೂ ವಾಸಿಮಾಡುವದಿಲ್ಲ. ಆದಕಾರಣ ಔಷಧವನ್ನು ಯಾರೂ ನಿಲ್ಲಿಸಬಾರದು. ಆದರೆ ಯಾವಾಗಲೂ ತೆಗೆದುಕೊಳ್ಳುವವನಾಗಿಯೇ ಮಲಗಿದವನು, ತನ್ನ ಕೈಯಿಂದ ಏನಾದರೂ ಆಗುವದನ್ನು ಕಂಡಾಗ, ತಾನು ಬರಿಯ ರೋಗಿಯಲ್ಲವೆಂದು ತಿಳಿದುಕೊಳ್ಳುವನು. ಆದರಣೆಯ ಗುಟ್ಟು ಇದೇ.

ನಮ್ಮ ಮನೆಗಳಲ್ಲಿ ಇದಕ್ಕೆ ಹೆಚ್ಚು ಹಣ ಬೇಡ. ಹಳೆಯ ಸೀರೆಯ ತುಂಡುಗಳಿದ್ದರೆ ಕೌದಿಯ ಒಂದು ಮೂಲೆಯನ್ನು ಹೊಲಿಯಬಹುದು. ಮಗುವಿನ ಪಾಟಿಯೂ ಬಳಪವೂ ಇದ್ದರೆ ಕಿಟಕಿಯಿಂದ ಕಾಣುವ ಮರವನ್ನು ಬರೆಯಬಹುದು. ಆದರೆ ನಾಲ್ಕು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಮೊದಲು, ವೈದ್ಯರ ಅಪ್ಪಣೆಯನ್ನು ಕೇಳಬೇಕು. ಎರಡನೆಯದು, ಆಯಾಸವಾಗುವದಕ್ಕೆ ಮುಂಚೆಯೇ ನಿಲ್ಲಿಸಬೇಕು. ಹತ್ತು ಹೊಲಿಗೆಗಳಾದರೂ ಸಾಕು. ಮೂರನೆಯದು, ನೋಡುವವರು ಹೊಲಿಗೆ ಸೊಟ್ಟಗಿದೆಯೆಂದು ನಗಬಾರದು, ಮನಸ್ಸಿಲ್ಲದವನನ್ನು ಒತ್ತಾಯಪಡಿಸಲೂ ಬಾರದು. ನಾಲ್ಕನೆಯದು, ಮುಗಿದದ್ದನ್ನು ಮೂಲೆಗೆ ಎಸೆಯದೆ ಉಪಯೋಗಿಸಬೇಕು. ರೋಗಿಯು ಹೊಲಿದ ಕೌದಿಯ ಮೇಲೆ ಮನೆಯ ಕೂಸು ಮಲಗಿದರೆ ಅವನಿಗೆ ಅದಕ್ಕಿಂತ ದೊಡ್ಡ ಬಹುಮಾನವು ಬೇರೆ ಬೇಕೋ?

ನಾವು ರೋಗಿಗಳ ಬಳಿಗೆ ಹಣ್ಣನ್ನು ಒಯ್ಯುತ್ತೇವೆ, ಅದು ಒಳ್ಳೆಯದೇ. ಮುಂದಿನ ಸಾರಿ ಒಂದು ಸೂಜಿಯನ್ನೂ ನೂಲಿನ ಉಂಡೆಯನ್ನೂ ಜೊತೆಗೆ ಒಯ್ಯೋಣ.

ಆಲೋಚಿಸತಕ್ಕ ಪ್ರಶ್ನೆಗಳು

1. ರೋಗಿಯು ತನ್ನನ್ನು ಹೊರೆಯೆಂದು ಎಣಿಸಲು ನಮ್ಮ ನಡೆನುಡಿಯೂ ಕಾರಣವಾಗುವದುಂಟೋ?
2. ಮಾತೀಸನು ಕುಂಚದ ಬದಲು ಕತ್ತರಿಯನ್ನು ಹಿಡಿದದ್ದರಿಂದ, ಹಿಂದಿನ ಬಲವನ್ನು ಕಳೆದುಕೊಂಡವರಿಗೆ ಯಾವ ಬೋಧೆಯುಂಟು?
3. ನಮ್ಮ ಊರಿನಲ್ಲಿ ಈಗ ಮಲಗಿರುವವರು ಯಾರು? ಅವರ ಕೈಗೆ ಯಾವ ಕೆಲಸವು ತಕ್ಕದ್ದು?